ಜುಂಜ ಕಂಬಳಿ ತಂದದ್ದು

ಹೂಂ ಅನ್ನೋಕೆ ಯಾರಿದ್ದೀರಿ? ಒಬ್ಬರಾದರೂ ಹೂಂ ಅಂತಿರಬೇಕಪ್ಪ, ಇಲ್ಲದಿದ್ದರೆ ಕತೆ ಅರ್ಧ ದಾರೀಲಿ ಕೂತುಬಿಡ್ತದೆ. ಸರಿ, ಕೇಳಿ.

ಕಾರೆಗುಡ್ಡದ ಬುಡದಲ್ಲಿ ಒಂದು ಹಟ್ಟಿ. ಆ ಹಟ್ಟೀಲಿ ಮಾಳವ್ವ ಅಂತ ಒಬ್ಬಳು. ಮಾಳವ್ವನಿಗೆ ಒಬ್ಬನೇ ಮಗ, ಜುಂಜ. ಆಳು ಎಷ್ಟೆತ್ತರ ಅಂದರೆ ತನ್ನ ಮನೆ ಬಾಗಿಲಿಗೆ ತಾನೇ ಬಗ್ಗಿ ಬರಬೇಕು. ಗಾಡಿ ಕೆಸರಲ್ಲಿ ಹೂತುಕೊಂಡರೆ ಎತ್ತು ಬಿಚ್ಚಿ ತಾನೇ ಎಳೆಯೋನು. ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಮಾಳವ್ವ ಒಲೆ ಮೇಲೆ ಹಾಲಿಟ್ಟು, "ಮಗ, ಹಾಲು ನೋಡ್ಕೊಂಡಿರು, ನೀರಿಗೆ ಹೋಗಿ ಬರ್ತೀನಿ" ಅಂದಳು. ಜುಂಜ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಲನ್ನೇ ನೋಡಿದ. ಹಾಲು ಬಿಸಿಯಾಯಿತು, ನೋಡಿದ. ಕೆನೆ ಕಟ್ಟಿತು, ನೋಡಿದ. ಉಕ್ಕಿತು, ಉಕ್ಕಿ ಒಲೆಗೆ ಬಿತ್ತು, ಒಲೆ ಆರಿತು. ಎಲ್ಲ ನೋಡಿದ. ಅವ್ವ ಬಂದು ಕೊಡ ಇಳಿಸಿ, "ಹಾಲೆಲ್ಲಿ ಹೋಯ್ತೋ?" ಅಂದಳು.

"ಒಲೆಗೆ ಹೋಯ್ತವ್ವ. ನಾನು ಕಣ್ಣು ಮಿಟುಕಿಸದೆ ನೋಡ್ತಾನೇ ಇದ್ದೆ. ಹೇಳಿದಂಗೇ ಮಾಡಿದ್ನಲ್ಲವ್ವ."

"ಹೇಳಿದಂಗೆ ಮಾಡಿದೆ ಕಣೋ. ಅದೇ ನನ್ನ ಕರ್ಮ" ಅಂತ ಮಾಳವ್ವ ಹಣೆ ಚಚ್ಚಿಕೊಂಡಳು.

ಅವ್ವ ಹಣೆ ಚಚ್ಚಿಕೊಳ್ಳೋದನ್ನ ಜುಂಜನಿಂದ ನೋಡೋಕೆ ಆಗ್ತಿರಲಿಲ್ಲ. ಇವತ್ತೊಂದು ದಿನ ಅವ್ವ ಹಣೆ ಚಚ್ಚಿಕೊಳ್ಳದೆ ಮಲಗಲಿ ಅಂತ ದಿನಾ ಬೆಳಗ್ಗೆ ಅಂದುಕೊಂಡೇ ಏಳೋನು. ಅದಕ್ಕೇ ಇನ್ನೂ ಜೋಪಾನವಾಗಿ ಹೇಳಿದ ಹಾಗೇ ಮಾಡೋನು.

ಆ ವರ್ಷ ಹುಬ್ಬೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗುಡ್ಡದ ಮೇಲಿಂದ ಥಂಡಿಗಾಳಿ, ಕೆಳಗೆ ಜಿಟಿಜಿಟಿ ಮಳೆ. ಗುಡ್ಡದ ಹಂದಿಗಳು ಇಳಿದು ಹಟ್ಟಿಯವರ ಗೆಣಸಿನ ಹೊಲಕ್ಕೆ ನುಗ್ಗಿದವು. ಅದರಲ್ಲೊಂದು ಒಂಟಿ ಸಲಗ, ಕೋರೆಯ ಗಂಡು ಹಂದಿ, ಎಮ್ಮೆಕರುವಿನಷ್ಟು ದಪ್ಪ. ಊರ ಯಜಮಾನ ಬೊಮ್ಮಗೌಡ ಜನ ಸೇರಿಸಿದ.

"ಬರೋ ವಾರ ಬೇಟೆ. ಮನೆಗೊಬ್ಬ ಗಂಡಸು ಈಟಿ ಹಿಡಿದು ಬರಬೇಕು. ಬರದ ಮನೆಯವರಿಗೆ ಬೇಟೇಲಿ ಪಾಲಿಲ್ಲ, ಅವರ ಹೊಲಕ್ಕೆ ಊರ ಕಾವಲೂ ಇಲ್ಲ" ಅಂದ. ಆಮೇಲೆ ಮಾಳವ್ವನ ಕಡೆ ನೋಡಿ, "ಮಾಳವ್ವನ ಮನೆ ಬಿಡ್ರಪ್ಪ, ಅಲ್ಲಿ ಗಂಡಸಿಲ್ಲ" ಅಂದ. ಜನ ನಕ್ಕರು. ಜುಂಜ ಅಲ್ಲೇ ನಿಂತಿದ್ದ, ಎಲ್ಲರಿಗಿಂತ ಒಂದು ಮೊಳ ಎತ್ತರ.

ಮಾಳವ್ವ ಸೆರಗು ಸಿಕ್ಕಿಸಿ ಎದ್ದಳು. "ನನ್ನ ಮಗ ಬರ್ತಾನೆ ಗೌಡ್ರೆ. ಪಾಲು ತೆಗೆದಿಟ್ಟಿರಿ."

ಮನೆಗೆ ಬಂದ ಮೇಲೆ ಅವಳಿಗೆ ಗಂಡನ ನೆನಪಾಯಿತು. ಜುಂಜನ ಅಪ್ಪ ಹೀಗೇ ಒಂದು ಜಡಿಮಳೇಲಿ ತೆಳ್ಳನೆ ಕಂಬಳಿ ಹೊದ್ದು ಬೇಟೆಗೆ ಹೋಗಿದ್ದ. ನೆಂದು, ನಡುಗಿ, ಮನೆಗೆ ಬಂದು ಮಲಗಿದವನು ಮತ್ತೆ ಏಳಲಿಲ್ಲ. ಹಂದಿಯಲ್ಲ ಅವನನ್ನ ಕೊಂದದ್ದು, ಥಂಡಿ. ಮಾಳವ್ವ ಅಟ್ಟದಿಂದ ಉಣ್ಣೆ ಮೂಟೆ ಇಳಿಸಿದಳು. ಮನೆ ಕುರಿಗಳ ಉಣ್ಣೆ, ಎರಡು ವರ್ಷದಿಂದ ಕೂಡಿಟ್ಟದ್ದು.

"ಮಗ, ನಾಳೆ ನೇಕಾರ ಹಾಲಪ್ಪನ ಹತ್ರ ಹೋಗು. ಈ ಉಣ್ಣೆ ಕೊಟ್ಟು ಒಂದು ಕಂಬಳಿ ತಗೊಂಡು ಬಾ. ತೆಳ್ಳಂದು ಬೇಡ, ಗಟ್ಟಿ ಇರಬೇಕು. ಬಾಳಿಕೆ ಬರ್ತದಾ ಅಂತ ವಿಚಾರಿಸಿ ತಗೊ."

"ಆಯ್ತವ್ವ."

ಹಾಲಪ್ಪ ಗುಡ್ಡದ ಆ ಕಡೆ ಹಟ್ಟಿಯವನು. ಮಗ್ಗದ ಗುಂಡಿಯಿಂದ ಎದ್ದು ಬಂದು ಕಂಬಳಿ ಬಿಡಿಸಿ ಹಾಸಿದ. "ನೋಡಪ್ಪ, ಕರಿ ಕುರಿ ಉಣ್ಣೆ. ಹುಣಸೆಬೀಜ ಅರೆದು ಸರಿ ಕಾಸಿ ಹಚ್ಚಿ ಉಜ್ಜಿದ್ದೀನಿ."

"ಬಾಳಿಕೆ ಬರ್ತದಾ ಹಾಲಣ್ಣ?"

"ಬರ್ತದೆ, ಬರ್ತದೆ. ನಾನು ನೇಯ್ದದ್ದಕ್ಕೆ ಬಾಳಿಕೆ ಬರದೆ ಇನ್ಯಾರು ನೇಯ್ದದ್ದಕ್ಕೆ ಬರ್ತದೆ?"

"ಹಂಗಾದ್ರೆ ಬರಲಿ" ಅಂತ ಜುಂಜ ಮೂಟೆ ಮೇಲೆ ಕೂತ.

ಕೂತ, ಕೂತ, ಕೂತೇ ಇದ್ದ. ಬಾಳಿಕೆ ಅನ್ನೋಳು ಯಾರೋ ಹೆಣ್ಣುಮಗಳಿರಬೇಕು, ಕಂಬಳಿ ನೋಡಿ ಸೈ ಅನ್ನೋಳು ಅವಳೇ ಇರಬೇಕು ಅಂತ ಅವನ ಲೆಕ್ಕ. ಬುಟ್ಟಿ ಹೊತ್ತ ಒಬ್ಬಳು ಬಂದಳು. "ನೀನೇನವ್ವ ಬಾಳಿಕೆ?" ಅಂದ. ಅವಳು ಮುಖ ತಿರುಗಿಸಿಕೊಂಡು ಹೋದಳು. ಕೊಡ ಹೊತ್ತ ಇನ್ನೊಬ್ಬಳು ಬಂದಳು. "ಬಾಳಿಕೆ ನೀನಾ?" ಅಂದ. ಅವಳು ಗಂಡನ್ನ ಕರಕೊಂಡು ಬರ್ತೀನಿ ಅಂದಳು. ಹೊತ್ತು ಇಳಿಯಿತು. ಹಾಲಪ್ಪ ಮಗ್ಗ ಬಿಟ್ಟು ಎದ್ದು, "ಇನ್ನೂ ಯಾಕಪ್ಪ ಕೂತಿದ್ದೀಯ?" ಅಂತ ಕೇಳಿದ.

"ಬಾಳಿಕೆ ಬರ್ತದೆ ಅಂದ್ಯಲ್ಲ ಹಾಲಣ್ಣ. ಬರಲೇ ಇಲ್ಲ. ನಾಳೆ ಬಂದ್ರೆ ಹೇಳಿ ಕಳಿಸು" ಅಂತ ಹೇಳಿ, ಉಣ್ಣೆ ಮೂಟೆ ಹೊತ್ತುಕೊಂಡು ಮನೆಗೆ ಬಂದ.

ಮಾಳವ್ವ ಮೂಟೆ ನೋಡಿದಳು, ಮಗನ ಮುಖ ನೋಡಿದಳು, ಹಣೆ ಚಚ್ಚಿಕೊಂಡಳು.

"ಬಾಳಿಕೆ ಅಂದ್ರೆ ಹೆಂಗಸಲ್ಲ ಕಣೋ, ಬಹಳ ದಿನ ತಡೆಯೋದು. ನಿನಗೆ ಬಾಯಿಮಾತು ಆಗಲ್ಲ, ಕೈಯಲ್ಲೇ ಪರೀಕ್ಷೆ ಮಾಡು. ಕಂಬಳಿ ಮೇಲೆ ಒಂದು ಚೊಂಬು ನೀರು ಹುಯ್ದು ನೋಡು. ನೀರು ಮೇಲೇ ಜಾರಿಹೋದ್ರೆ ಒಳ್ಳೇದು, ಒಳಗೆ ಇಳಿದ್ರೆ ಬೇಡ. ಇಷ್ಟು ಮಾಡ್ತೀಯಾ?"

"ಇಷ್ಟು ಮಾಡ್ತೀನವ್ವ."

ಮಾರನೇ ದಿನ ಜುಂಜ ಹೋದಾಗ ಹಾಲಪ್ಪ ಮನೇಲಿರಲಿಲ್ಲ. ಜಗುಲಿ ಮೇಲೆ ಹಾಲಪ್ಪನ ಅಪ್ಪ, ಹಣ್ಣು ಮುದುಕ, ಕಂಬಳಿ ಗೊಪ್ಪೆ ಹಾಕಿಕೊಂಡು ಗೋಡೆಗೆ ಒರಗಿ ತೂಕಡಿಸ್ತಿದ್ದ. ಗೊಪ್ಪೆ ಅಂದರೆ ಗೊತ್ತಲ್ಲ, ಕಂಬಳಿಯ ಒಂದು ಮೂಲೆ ಮಡಚಿ ಟೊಪ್ಪಿಗೆ ಮಾಡಿ ತಲೆಯಿಂದ ಮೊಣಕಾಲವರೆಗೂ ಇಳಿಬಿಟ್ಟುಕೊಳ್ಳೋದು, ಮಳೇಲಿ ಕುರಿ ಕಾಯೋರು ಹಾಕ್ತಾರಲ್ಲ, ಅದು. ಜುಂಜ ಆ ಕಂಬಳಿ ನೋಡಿದ. ದಪ್ಪನೆಯದು, ಹಳೇದು, ಒಂದು ನೂಲೂ ಎದ್ದಿಲ್ಲ. ಬಹಳ ದಿನ ತಡೆದದ್ದು ಅಂದರೆ ಇದೇ ಅಂದುಕೊಂಡ. ಜಗುಲಿ ಪಕ್ಕ ಕುರಿಗಿಟ್ಟ ನೀರಿನ ಗಡಿಗೆ ಇತ್ತು. ಚೊಂಬು ಕಾಣಲಿಲ್ಲ. ಗಡಿಗೆಯನ್ನೇ ಎತ್ತಿ ಮುದುಕನ ನೆತ್ತಿ ಮೇಲಿಂದ ಹುಯ್ದ.

ಮುದುಕ ಎಚ್ಚೆತ್ತು ಬಾಯಿ ತೆರೆದ, ಮಾತು ಹೊರಡಲಿಲ್ಲ. ಜುಂಜ ಕಂಬಳಿ ಅಂಚೆತ್ತಿ ಒಳಗೆ ತಲೆ ಹಾಕಿ, ಮುದುಕನ ಎದೆ ಮುಟ್ಟಿ ನೋಡಿ, ಬೆನ್ನು ಮುಟ್ಟಿ ನೋಡಿ, "ಒಳಗೆ ಇಳಿದಿಲ್ಲ ತಾತ. ಒಂದು ಹನಿಯೂ ಇಲ್ಲ" ಅಂತ ಸಂತೋಷದಿಂದ ಹೇಳಿದ.

ಮುದುಕನಿಗೆ ಮಾತು ಬಂತು. ಏನು ಮಾತು ಬಂತು ಅಂತ ನಾನು ಹೇಳೋ ಹಾಗಿಲ್ಲ, ಇಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ. ಹಿತ್ತಲಿಂದ ಸೊಸೆಯಂದಿರು ಓಡಿಬಂದರು, ಒಬ್ಬಳ ಕೈಲಿ ಪೊರಕೆ, ಒಬ್ಬಳ ಕೈಲಿ ಒನಕೆ. ಜುಂಜ ಮೂಟೆ ಹೊತ್ತುಕೊಂಡು ಗುಡ್ಡ ಹತ್ತಿದ.

"ಹೇಳಿದಂಗೇ ಮಾಡಿದ್ನಲ್ಲವ್ವ. ನೀರು ಜಾರಿಹೋಯ್ತು, ಕಂಬಳಿ ಒಳ್ಳೇದೇ" ಅಂದ ಮನೆಗೆ ಬಂದು.

ಮಾಳವ್ವ ಹಣೆ ಚಚ್ಚಿಕೊಂಡಳು. "ಮನುಷ್ಯರು ಹೊದ್ದಿರೋವಾಗ ಯಾರಾದ್ರೂ ನೀರು ಹುಯ್ತಾರೇನೋ? ಇನ್ನು ನೀರಿನ ತಂಟೆ ಬೇಡ. ಸೋಮವಾರದ ಸಂತೆಗೆ ಹೋಗು, ಅಲ್ಲಿ ಬೇಕಾದಷ್ಟು ಬಂದಿರ್ತವೆ. ಕಂಬಳಿ ಎತ್ತಿ ಬೆಳಕಿಗೆ ಹಿಡಿದು ನೋಡು. ನೇಯ್ಗೆ ಸಂದೀಲಿ ಬೆಳಕು ಕಂಡ್ರೆ ಬಿಡು. ಮತ್ತೆ, ಸಂತೇಲಿ ಬಣ್ಣಬಣ್ಣದ ಮಾತಾಡ್ತಾರೆ, ಮರುಳಾಗಬೇಡ. ಮಳೇಲಿ ಕೈ ಕೊಡೋ ಅಂಥದ್ದನ್ನ ಮಾತ್ರ ತರಬೇಡ."

"ಕೈ ಕೊಡೋದು ತರಲ್ಲವ್ವ."

ಸಂತೇಲಿ ಪೇಟೆಯಿಂದ ಬಂದ ಒಬ್ಬ ವ್ಯಾಪಾರಿ ಹಗ್ಗ ಕಟ್ಟಿ ಉಣ್ಣೆ ಕೋಟುಗಳನ್ನ ನೇತುಹಾಕಿದ್ದ. ಕಡು ನೀಲಿ ಬಣ್ಣ, ಹಿತ್ತಾಳೆ ಗುಂಡಿ, ದೊಡ್ಡ ಕಾಲರು. "ದೊರೆಗಳು ಬೇಟೆಗೆ ಹಾಕೋ ಕೋಟು. ಮಳೆ ಇರಲಿ, ಮಂಜಿರಲಿ, ಒಳಗೆ ಬೆಚ್ಚಗೆ" ಅಂತ ಕೂಗ್ತಿದ್ದ. ಜನ ಮುತ್ತಿದ್ದರು. ಎಲ್ಲರಿಗಿಂತ ಮುಂದೆ ಬೊಮ್ಮಗೌಡ. ಆಗಲೇ ಒಂದನ್ನ ತೊಟ್ಟುಕೊಂಡು ಹಿಂದೆ ಮುಂದೆ ತಿರುಗಿ ನೋಡಿಕೊಳ್ತಿದ್ದ.

ವ್ಯಾಪಾರಿ ಜುಂಜನ ಎತ್ತರ ನೋಡಿದ, ಹೆಗಲ ಮೇಲಿನ ಉಣ್ಣೆ ಮೂಟೆ ನೋಡಿದ, ಅವನ ಬಾಯಲ್ಲಿ ನೀರೂರಿತು.

"ಬಾರಪ್ಪ ಬಾ. ನಿನ್ನ ಮೈಗೆ ಹೇಳಿ ಮಾಡಿಸಿದ್ದು ಒಂದಿದೆ. ಮೂಟೆ ಇಲ್ಲಿಡು, ಕೋಟು ತೊಡು."

ಜುಂಜ ಕೋಟನ್ನ ಎತ್ತಿ ಹಿಡಿದ. ಈ ಕಡೆ ನೋಡಿದ, ಆ ಕಡೆ ನೋಡಿದ. "ಅಣ್ಣ, ಇದಕ್ಕೆ ಕೈ ಇದಾವೆ."

"ಇರದೆ ಏನಪ್ಪ? ಕೋಟು ಅಂದಮೇಲೆ ಕೈ ಇರ್ತವೆ."

"ಕೋಟಿನ ಜೊತೆ ಕೈಯನ್ನೂ ಕೊಡ್ತೀಯಾ?"

"ಎರಡೂ ಕೈ ಕೊಡ್ತೀನಿ. ಒಂದಿಟ್ಟುಕೊಂಡು ನಾನೇನು ಮಾಡಲಿ?"

"ಹಂಗಾದ್ರೆ ಬೇಡಣ್ಣ" ಅಂತ ಜುಂಜ ಕೋಟನ್ನ ಮಡಚಿ ಕೊಟ್ಟ. "ಕೈ ಕೊಡೋದು ತರಬೇಡ ಅಂದಿದ್ದಾಳೆ ನಮ್ಮವ್ವ. ಇದು ಎರಡೆರಡು ಕೊಡ್ತದೆ."

ಸಂತೆಗೆ ಸಂತೆಯೇ ನಕ್ಕಿತು. ಬೊಮ್ಮಗೌಡ ಹಿತ್ತಾಳೆ ಗುಂಡಿ ಕಿತ್ತುಹೋಗೋ ಹಾಗೆ ನಕ್ಕ. "ಈಟಿ ಹಿಡಿದು ಬರ್ತಾನಂತೆ, ಇವನು ಗಂಡಸಂತೆ" ಅಂತ ಸುತ್ತಲಿನವರಿಗೆ ತೋರಿಸಿ ತೋರಿಸಿ ನಕ್ಕ. ಜುಂಜನಿಗೆ ನಗು ಯಾಕೆ ಅಂತ ತಿಳೀಲಿಲ್ಲ. ನಗೋರು ನಗಲಿ, ಅವ್ವ ಹೇಳಿದ್ದು ನಡೀತಲ್ಲ ಅಂತ ಮುಂದೆ ಹೋದ.

ಮುಂದೆ ಕಂಬಳಿಗಳ ಸಾಲು. ಸಾಲಿನ ಕೊನೇಲಿ ಯಾರು ಕೂತಿರಬೇಕು? ಅದೇ ಹಾಲಪ್ಪ. ಜುಂಜನನ್ನ ಕಂಡವನೇ ತನ್ನ ಕುಡಿಯೋ ನೀರಿನ ಚೊಂಬನ್ನ ಹಿಂದಕ್ಕೆ ಸರಿಸಿಟ್ಟ.

"ನೀರು ಹುಯ್ಯಲ್ಲ ಹಾಲಣ್ಣ. ಬೆಳಕಿಗೆ ಹಿಡಿದು ನೋಡ್ತೀನಿ, ಅಷ್ಟೆ."

"ಹಂಗೆ ಬಾ ದಾರಿಗೆ. ನೋಡು, ಎಲ್ಲಿ ಬೇಕಾದರೂ ಹಿಡಿ" ಅಂತ ಹಾಲಪ್ಪ ಮೊನ್ನೆ ತೋರಿಸಿದ ಕಂಬಳಿಯನ್ನೇ ಕೊಟ್ಟ.

ಜುಂಜ ಎತ್ತಿ ಹಿಡಿದ. ಮೇಲೆ ನೋಡಿದರೆ ಬರೀ ಮೋಡ, ಕಪ್ಪು ಕವಿದಿದೆ. ಬೆಳಕೆಲ್ಲಿದೆ? ಸುತ್ತ ನೋಡಿದ. ಎದುರಿಗೆ ವಡೆ ಸುಡೋಳ ಒಲೇಲಿ ಉರಿ ಧಗಧಗ ಅಂತಿತ್ತು. ಸಂತೇಲೆಲ್ಲ ಬೆಳಕು ಅಂತಿದ್ದದ್ದು ಅದೊಂದೇ. ಕಂಬಳಿ ತೆಗೆದುಕೊಂಡು ಹೋಗಿ ಉರಿಗೆ ಹಿಡಿದ. ಇನ್ನೂ ಹತ್ತಿರ ಹಿಡಿದ. ಕೂದಲು ಸುಟ್ಟ ವಾಸನೆ ಬಂತು. ಹಾಲಪ್ಪ ಹಾರಿಬಂದು ಕಿತ್ತುಕೊಂಡಾಗ ಕಂಬಳಿ ನಡುವೆ ಕೈ ತೂರೋವಷ್ಟು ದುಂಡನೆ ತೂತು. ಉಣ್ಣೆ ಅಪ್ಪಟವಾದ್ದರಿಂದ ಬೆಂಕಿ ಹಬ್ಬಲಿಲ್ಲ, ಕರಟಿ ಅಲ್ಲೇ ಆರಿತು.

"ಈಗ ಬೆಳಕು ಕಾಣ್ತದೆ ಹಾಲಣ್ಣ" ಅಂದ ಜುಂಜ ಬೇಜಾರಿನಿಂದ. "ಅವ್ವ ಬಿಡು ಅಂದಿದ್ದಾಳೆ."

"ಬಿಡೋದಾ? ಸುಟ್ಟೋನು ನೀನು, ಹೊದೆಯೋನು ನೀನೇ" ಅಂತ ಹಾಲಪ್ಪ ಕಂಬಳೀನ ಅವನ ತಲೆ ಮೇಲೆ ಎಸೆದು ಉಣ್ಣೆ ಮೂಟೆ ಎಳಕೊಂಡ. ಅಂತೂ ಜುಂಜ ಕಂಬಳಿ ತಂದ.

ಮಾಳವ್ವ ತೂತಿನ ಈ ಕಡೆಯಿಂದ ಮಗನ ಮುಖ ನೋಡಿದಳು. ಹಣೆ ಚಚ್ಚಿಕೊಂಡಳು. ಆದರೆ ಕಂಬಳಿ ಕೈಲಿ ಹಿಡಿದು ತೂಗಿದಳು, ಎಳೆದಳು, ಉಜ್ಜಿದಳು, ಕೆನ್ನೆಗೆ ಒತ್ತಿಕೊಂಡಳು. ತೂತೊಂದು ಬಿಟ್ಟರೆ ಕಂಬಳಿ ಕಲ್ಲಿನ ಹಾಗಿತ್ತು. ಹೊಲಿಯೋಣ ಅಂದರೆ ಹೊತ್ತಿಲ್ಲ, ಬೆಳಗಾದರೆ ಬೇಟೆ. ತೂತು ಬೆನ್ನಿಗೆ ಬರೋ ಹಾಗೆ ಗೊಪ್ಪೆ ಕಟ್ಟಿ ತೋರಿಸಿದಳು.

"ಕೇಳು ಮಗ. ಇದು ಹೋದ್ರೆ ಇನ್ನೊಂದು ಕೊಳ್ಳೋಕೆ ಉಣ್ಣೆ ಇಲ್ಲ. ಏನೇ ಆಗಲಿ ಕಂಬಳಿ ಕೈಬಿಡಬೇಡ. ಬೇಟೇಲಿ ಬಾಯಿ ಬಿಡಬೇಡ. ಆ ಸಲಗ ಏನಾದ್ರೂ ಮೈಮೇಲೆ ಬಂದ್ರೆ, ಈಟಿ ಗೀಟಿ ಅಂತ ನಿಲ್ಲಬೇಡ, ಕಾಲಿಗೆ ಬುದ್ಧಿ ಹೇಳು." ಇಷ್ಟು ಹೇಳಿ ಗೊಪ್ಪೆ ಗಂಟನ್ನ ಇನ್ನೊಂದು ಸಲ ಬಿಗಿದಳು. "ನೀನೊಬ್ಬ ತಿರುಗಿ ಬಾ, ಸಾಕು."

ಬೆಳಗ್ಗೆ ಗೌಡನ ಮನೆ ಮುಂದೆ ಎಲ್ಲರಿಗೂ ಬಿಸಿ ಮುದ್ದೆ. ಜುಂಜ ತಟ್ಟೆ ಮುಂದೆ ತುಟಿ ಬಿಗಿದುಕೊಂಡು ಕೂತ. ಗೌಡನ ಹೆಂಡತಿ ಉಣ್ಣು ಅಂದಳು, ತಲೆ ಆಡಿಸಿದ. ಮುದ್ದೆ ವಾಸನೆಗೆ ಕಣ್ಣಲ್ಲಿ ನೀರು ಬರ್ತಿದೆ, ಬಾಯಿ ಮಾತ್ರ ಬಿಡಲ್ಲ. ನೀಲಿ ಕೋಟಿನ ಬೊಮ್ಮಗೌಡ ಬಂದು ಗದರಿದ. "ಏನ್ಲಾ, ಬಾಯಿ ಹೊಲಿದಿದ್ದಾಳಾ ನಿಮ್ಮವ್ವ?"

ಜುಂಜ ಮೂಗಲ್ಲೇ, "ಬಿಡಬೇಡ ಅಂದಿದ್ದಾಳೆ" ಅಂದ.

"ಉಣ್ಣೋಕೆ ಬಾಯಿ ಬಿಡು, ಮಾತಾಡೋಕೆ ಬಿಡಬೇಡ, ದಡ್ಡ. ಹಂದಿ ಕಂಡಾಗ ಮಾತ್ರ ಕೂಗು. ತಿಳೀತಾ?" ತಿಳಿಯಿತು ಅಂತ ಜುಂಜ ಉಂಡ. ಹಸಿದಿದ್ದ, ಚೆನ್ನಾಗೇ ಉಂಡ.

ಗುಡ್ಡದಲ್ಲಿ ಒಂದು ಕಣಿವೆ. ತಮಟೆಯವರು ಮೇಲಿಂದ ಹಂದಿ ಎಬ್ಬಿಸಬೇಕು, ಈಟಿಯವರು ಕೆಳಗೆ ಕಾಯಬೇಕು. ಹಂದಿ ಬರೋ ಜಾಡಿಗೆ ಬೊಮ್ಮಗೌಡ ತಾನೇ ನಿಂತ. ಜುಂಜನನ್ನ ದೂರದಲ್ಲಿ, ಹಂದಿ ಬರೋ ಸಂಭವವೇ ಇಲ್ಲದ ಕಲ್ಲುಗಳ ಸಂದೀಲಿ ಕೂರಿಸಿದರು. ಮಳೆ ಶುರುವಾಯಿತು. ಆ ಮಳೆ ಏನು ಕೇಳ್ತೀರಿ. ಮೇಲಿಂದ ನೀರು, ಪಕ್ಕದಿಂದ ಗಾಳಿ, ಕೆಳಗಿಂದ ಥಂಡಿ. ಜುಂಜ ಗೊಪ್ಪೆಯೊಳಗೆ ಮುದುರಿ ಕೂತ. ನೀರು ಕಂಬಳಿ ಮೇಲೆ ಜಾರಿ ಜಾರಿ ಬೀಳ್ತಿತ್ತು. ತೂತಿನ ಹತ್ತಿರ ಬೆನ್ನು ಒಂದು ಅಂಗೈಯಷ್ಟು ನೆಂದಿತ್ತು, ಮಿಕ್ಕಿದ್ದೆಲ್ಲ ಒಲೆ ಮುಂದೆ ಕೂತ ಹಾಗೆ ಬೆಚ್ಚಗೆ. ಅಪ್ಪನಿಗೆ ಇಂಥದ್ದೊಂದು ಇದ್ದಿದ್ದರೆ ಅಂತ ಅವನಿಗೂ ಅನ್ನಿಸಿತು.

ಅತ್ತ ಗೌಡನ ಕೋಟು ನೀರು ಕುಡೀತಾ ಹೋಯಿತು. ಕುಡಿದು ಕುಡಿದು ಭಾರವಾಯಿತು. ನೀಲಿ ಬಣ್ಣ ಇಳಿದು ಗೌಡನ ಪಂಚೆ ನೀಲಿ, ಕಾಲು ನೀಲಿ. ತೋಳುಗಳು ಜಗ್ಗಿ ಜಗ್ಗಿ ಮೊಣಕಾಲಿಗೆ ಬಂದವು, ಬೆರಳೇ ಕಾಣಲೊಲ್ಲವು. ಹಲ್ಲು ಕಟಕಟ ಕಡೀತಿವೆ. ಅಷ್ಟರಲ್ಲಿ ಮೇಲೆ ತಮಟೆ ಜೋರಾಯಿತು, ಲಂಟಾನ ಪೊದೆ ಸೀಳಿಕೊಂಡು ಸಲಗ ಇಳಿದು ಬಂತು. ಗೌಡ ಈಟಿ ಎತ್ತಿದ. ಈಟಿಗೆ ಕೋಟಿನ ತೋಳು ಸುತ್ತಿಕೊಂಡಿತು. ಬಿಡಿಸೋಕೆ ಇನ್ನೊಂದು ಕೈಯಿಂದ ಎಳೆದ. ಹೊಲಿಗೆ ಪರ್ರಂತ ಬಿಟ್ಟು ತೋಳಿಗೆ ತೋಳೇ ಕೈಗೆ ಬಂತು. ಮಳೇಲಿ ಕೋಟು ಗೌಡನಿಗೆ ಕೈ ಕೊಟ್ಟಿತು, ಸ್ವಾಮಿ. ಗೌಡ ಆ ನೀಲಿ ತೋಳನ್ನ ಹಂದಿ ಮೇಲೆ ಎಸೆದು, ಪಕ್ಕದ ಮರ ಹತ್ತಿದ.

ಬೆದರಿದ ಹಂದಿ ಜಾಡು ಬಿಟ್ಟು ಪಕ್ಕಕ್ಕೆ ತಿರುಗಿತು. ದೂರದಲ್ಲಿ ಕೂತ ಜುಂಜನಿಗೆ ಅದು ಕಂಡಿತು. ಹಂದಿ ಕಂಡಾಗ ಕೂಗು ಅಂತ ಗೌಡ ಹೇಳಿದ್ದನಲ್ಲ. ಜುಂಜ ಎದ್ದು ನಿಂತು ಹಂದೀನ ಕೂಗಿದ.

"ಏ ಹಂದಿಯಪ್ಪ. ಇಲ್ಲಿ ಬಾ. ಇಲ್ಲಿದ್ದೀನಿ ನಾನು."

ಹಂದಿ ನಿಂತು ನೋಡಿತು. ಕರೆದ ಕಡೆಗೇ ಬಂತು.

ಈಗ ಅವ್ವ ಏನು ಹೇಳಿದ್ದಳು? ಸಲಗ ಮೈಮೇಲೆ ಬಂದರೆ ಕಾಲಿಗೆ ಬುದ್ಧಿ ಹೇಳು. ಜುಂಜ ಈಟಿ ಪಕ್ಕಕ್ಕಿಟ್ಟ. ಗೊಪ್ಪೆ ಸಮೇತ ಮುಂದಕ್ಕೆ ಬಗ್ಗಿ, ಮೂಗು ಮೊಣಕಾಲಿಗೆ ತಾಗಿಸಿ, ತನ್ನ ಎರಡು ಪಾದಗಳ ಜೊತೆ ಮಾತಿಗೆ ಕೂತ.

"ನೋಡ್ರಪ್ಪ ಕಾಲುಗಳೇ, ಕೋಪ ಮಾಡ್ಕೋಬೇಡಿ, ಅವ್ವ ಹೇಳು ಅಂದಿದ್ದಾಳೆ. ದಾರಿ ನೋಡಿ ನಡೀರಿ. ಎಡಗಾಲೇ, ನೀನು ಮೊನ್ನೆ ಸಗಣಿ ತುಳಿದು ಹಂಗೇ ಮನೆಯೊಳಗೆ ಬಂದೆ, ಅದು ಸರಿಯಲ್ಲ. ಬಲಗಾಲೇ, ನೀನು ನಿದ್ದೇಲಿ ಕುರಿಮರಿ ಒದ್ದೆ. ಇನ್ನುಮುಂದೆ ಇಬ್ಬರೂ ಹೊಂದಿಕೊಂಡು..."

ಅಷ್ಟರಲ್ಲಿ ಹಂದಿ ಬಂದು ಗುದ್ದಿತು. ಅದು ಕಂಡದ್ದು ಮನುಷ್ಯನನ್ನಲ್ಲ, ಒಂದು ಕರೀ ಗುಪ್ಪೆ. ತಲೆ ತಗ್ಗಿಸಿ ಕೋರೆಯಿಂದ ತಿವಿದರೆ ಆ ನೇಯ್ಗೆಯೊಳಕ್ಕೆ ಕೋರೆ ಇಳಿಯಲಿಲ್ಲ, ಮೇಲೇ ಜಾರಿತು. ಜಾರುತ್ತಾ ಹೋಗಿ ಸುಟ್ಟ ತೂತಿಗೆ ಸಿಕ್ಕಿಕೊಂಡಿತು. ಹಂದಿ ತಲೆ ಕೊಡವಿತು. ಕಂಬಳಿ ಜುಂಜನ ಮೈಯಿಂದ ಕಳಚಿ ಹಂದಿಯ ಮುಖದ ಮೇಲೆ ಕವುಚಿ ಬಿತ್ತು. ಕಣ್ಣು ಕಾಣದೆ ಹಂದಿ ಹಿಂದಕ್ಕೆ ಜಗ್ಗಿತು. ಜುಂಜ ಉರುಳಿಬಿದ್ದ, ಎದ್ದ, ನೋಡಿದರೆ ಕಂಬಳಿ ಹೋಗ್ತಾ ಇದೆ. ಏನೇ ಆಗಲಿ ಕೈಬಿಡಬೇಡ ಅಂದಿದ್ದಾಳೆ ಅವ್ವ. ಓಡಿಹೋಗಿ ಅಂಚು ಹಿಡಿದ.

ಹಂದಿ ಆ ಕಡೆ, ಜುಂಜ ಈ ಕಡೆ, ನಡುವೆ ಕಂಬಳಿ. ಹಂದಿ ಎಳೀತು, ಜುಂಜ ಕೆಸರಲ್ಲಿ ಜಾರಿದ. ಜುಂಜ ಎಳೆದ, ಹಂದಿ ಕೆಸರಲ್ಲಿ ಜಾರಿತು. "ಬಿಡಪ್ಪ, ನಮ್ಮವ್ವಂದು" ಅಂತ ಅವನು ಒಳ್ಳೆ ಮಾತಲ್ಲೇ ಹೇಳಿದ. ಹಂದಿ ಕೇಳಲಿಲ್ಲ. ಕಂಬಳಿ ಮಾತ್ರ, ಅಷ್ಟು ದೊಡ್ಡ ಎರಡು ಪ್ರಾಣಿಗಳ ನಡುವೆ, ಒಂದು ನೂಲೂ ಹರೀಲಿಲ್ಲ. ಜುಂಜ ಕಲ್ಲಿಗೆ ಕಾಲು ಕೊಟ್ಟು, ಹೂತ ಗಾಡಿ ಎಳೆಯೋ ಹಾಗೆ ಒಂದು ಸಲ ಎಳೆದ. ಹಂದಿ ಮಗುಚಿ ಕಲ್ಲುಗಳ ಸಂದಿಗೆ ಬಿತ್ತು, ಸಿಕ್ಕಿಕೊಂಡಿತು. ಅಷ್ಟೊತ್ತಿಗೆ ಈಟಿಯವರು ಓಡಿಬಂದರು. ಬೇಟೆ ಮುಗಿಯಿತು.

ಆಮೇಲಿನದನ್ನ ಏನು ಹೇಳಲಿ. ಮುಂದೆ ತಮಟೆ, ತಮಟೆ ಹಿಂದೆ ಗಳಕ್ಕೆ ಕಟ್ಟಿದ ಹಂದಿ, ಹಂದಿ ಹಿಂದೆ ಎರಡಾಳು ಹೆಗಲ ಮೇಲೆ ಕಂಬಳಿ ಹೊದ್ದ ಜುಂಜ. ಕೊಟ್ಟ ಕೊನೆಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಒಂದು ತೋಳಿಲ್ಲದ ಕೋಟಿನ ಗೌಡ. ಮಾಳವ್ವ ಬೆಳಗಿನಿಂದ ಹೊಸಿಲ ಮೇಲೇ ಕೂತಿದ್ದಳು. ತಮಟೆ ಕೇಳಿ ಎದ್ದಳು. ಮಗನನ್ನ ಕೆಳಗಿಳಿಸಿಕೊಂಡು ಮೊದಲು ಹಣೆ ಮುಟ್ಟಿ ನೋಡಿದಳು, ಜ್ವರ ಇಲ್ಲ. ಎದೆ ಮುಟ್ಟಿ ನೋಡಿದಳು, ಬೆಚ್ಚಗಿದೆ. ಆಗ ಅಳೋಕೆ ಶುರುಮಾಡಿದಳು.

ಬೊಮ್ಮಗೌಡ ಎಲ್ಲರ ಮುಂದೆ ಬಂದ. ಕೆಟ್ಟ ಮನುಷ್ಯನಲ್ಲ ಅವನು, ಮಾತು ಸ್ವಲ್ಪ ಜಾಸ್ತಿ ಅಷ್ಟೆ. "ಮಾಳವ್ವ, ಈ ಮನೇಲಿ ಗಂಡಸಿಲ್ಲ ಅಂದಿದ್ದೆ. ತಪ್ಪಾಯ್ತು. ಹಂದಿ ತಲೆ ನಿಮ್ಮ ಮನೇದು" ಅಂದ. ತಲೆ ಪಾಲು ಅಂದರೆ ಬೇಟೇಲಿ ಮೊದಲನೇ ಮರ್ಯಾದೆ. ಆಮೇಲೆ ಜುಂಜನ ಕಡೆ ತಿರುಗಿ, "ಸಂತೇಲಿ ಕೋಟನ್ನ ನಾನೂ ನೋಡಿದೆ, ನೀನೂ ನೋಡಿದೆ. ಕೋಟು ಬೇಡ, ಇದೇ ಬೇಕು ಅಂತ ನಿನಗೆ ಹೆಂಗೆ ತಿಳೀತಪ್ಪ?" ಅಂತ ಕೇಳಿದ.

"ಅವ್ವ ಹೇಳಿದಂಗೇ ಮಾಡಿದೆ ಗೌಡ್ರೆ."

ಆ ವಾರ ಹಟ್ಟಿಯವರೆಲ್ಲ ಹಾಲಪ್ಪನ ಮನೆ ಮುಂದೆ ಸಾಲು ನಿಂತರು, ಹಂದಿಗೂ ಹರಿಯದ ಕಂಬಳಿ ಬೇಕು ಅಂತ. ಹಾಲಪ್ಪ ತಾನೇ ಗುಡ್ಡ ಇಳಿದು ಬಂದ. ಜೊತೇಲಿ ಅವನ ಅಪ್ಪ, ಆ ಮುದುಕನೂ ಬಂದ. ಜುಂಜನಿಗೆ ಅಂತ ಒಂದು ಹೊಸ ಕಂಬಳಿ, ತೂತಿಲ್ಲದ್ದು, ಮುದುಕನೇ ಕೂತು ಅಂಚು ಕಟ್ಟಿದ್ದು, ಮಾಳವ್ವನ ಕೈಗೆ ಕೊಟ್ಟರು. "ನಿನ್ನ ಮಗ ಪರೀಕ್ಷೆ ಮಾಡೋದು ಬೇಡ ತಾಯಿ. ನಾವೇ ಮಾಡಿ ತಂದಿದ್ದೀವಿ" ಅಂದ ಮುದುಕ, ಸ್ವಲ್ಪ ದೂರ ನಿಂತುಕೊಂಡೇ.

ಮಾಳವ್ವ ಮಗನಿಗೆ ಹೇಳಿದಳು. "ಹೊಸ ಕಂಬಳಿ, ಹಚ್ಚಿದ ಹುಣಸೆಬೀಜದ ಸರಿ ಇನ್ನೂ ಹಸಿ ಇದೆ. ಮಳೆ ಬಿಟ್ಟು ಬಿಸಿಲು ಬಿದ್ದ ಕೂಡಲೇ ಬಿಸಿಲಿಗೆ ಹಾಕು. ನೆರಳು ಬೀಳದ ಹಂಗೆ ನೋಡ್ಕೊ."

"ಆಯ್ತವ್ವ."

ಎರಡು ದಿನ ಬಿಟ್ಟು ಮೋಡ ಅಲ್ಲಲ್ಲಿ ಹರಿಯಿತು. ಮನೆ ಮುಂದಿನ ಬಂಡೆ ಮೇಲೆ ಒಂದು ತುಣುಕು ಬಿಸಿಲು ಬಿತ್ತು. ಜುಂಜ ಕಂಬಳಿ ತಂದು ಹಾಸಿದ. ಹಾಸೋದರೊಳಗೆ ಗಾಳಿ ಬೀಸಿ ಮೋಡ ಸರಿಯಿತು, ಬಂಡೆಗೆ ನೆರಳು ಬಂತು, ಬಿಸಿಲು ಹಿತ್ತಲಿಗೆ ಹೋಯಿತು. ಜುಂಜ ಕಂಬಳಿ ಎತ್ತಿಕೊಂಡು ಹಿತ್ತಲಿಗೆ ಓಡಿದ. ಬಿಸಿಲು ಗೆಣಸಿನ ಹೊಲಕ್ಕೆ ಹೋಯಿತು. ಹೊಲಕ್ಕೆ ಓಡಿದ. ಬಿಸಿಲು ಕೆರೆ ಏರಿ ಹತ್ತಿತು, ಅವನೂ ಹತ್ತಿದ. ಬಿಸಿಲು ಗುಡ್ಡದ ಕಡೆ ತಿರುಗಿತು, ಅವನೂ ತಿರುಗಿದ.

ಹೊಲದಲ್ಲಿದ್ದವನೊಬ್ಬ ಇದನ್ನ ನೋಡಿದ. ಜುಂಜ ಕಂಬಳಿ ಹಿಡಿದು ಗುಡ್ಡಕ್ಕೆ ಓಡ್ತಿದ್ದಾನೆ ಅಂದರೆ ಇನ್ನೇನಿರ್ತದೆ? "ಜುಂಜನಿಗೆ ಹಂದಿ ಕಂಡಿದೆ" ಅಂತ ಊರಿಗೆ ಸುದ್ದಿ ಮುಟ್ಟಿಸಿದ. ಉಣ್ತಿದ್ದವರು ಕೈ ತೊಳೆದು ಎದ್ದರು. ಈಟಿ ಬಂದವು, ತಮಟೆ ಬಂತು, ಬೊಮ್ಮಗೌಡ ಹೊಸ ಕಂಬಳಿ ಗೊಪ್ಪೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಬಂದ. ಬಿಸಿಲ ಹಿಂದೆ ಜುಂಜ,  ಜುಂಜನ ಹಿಂದೆ ಗೌಡ, ಗೌಡನ ಹಿಂದೆ ಊರು.

ಪಕ್ಕದ ಮನೆಯವಳು ಮಾಳವ್ವನ ಹತ್ತಿರ ಬಂದು, "ಎಲ್ಲಿಗಕ್ಕ ಎಲ್ಲ ಓಡ್ತಿರೋದು?" ಅಂತ ಕೇಳಿದಳು.

ಮಾಳವ್ವ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ತಾ, "ನನ್ನ ಮಗನ ಹಿಂದೆ" ಅಂದಳು. ಅವನು ಎಲ್ಲಿಗೆ ಹೋದ ಅಂತ ಮಾಳವ್ವ ಯಾರನ್ನೂ ಕೇಳಲೂ ಇಲ್ಲ, ಯೋಚನೆ ಮಾಡಲೂ ಇಲ್ಲ.

ಮೂರು ಗುಡ್ಡದಾಚೆ ಹೊತ್ತು ಮುಳುಗೋ ಹೊತ್ತಿಗೆ ಜುಂಜ ನಿಂತ. ಗೌಡ ಏದುಸಿರು ಬಿಡುತ್ತಾ ಬಂದು, ಈಟಿ ಊರಿ, "ಎಲ್ಲಪ್ಪ? ಎಲ್ಲಿ ಹೋಯ್ತು?" ಅಂತ ಪಿಸುಮಾತಲ್ಲಿ ಕೇಳಿದ.

ಜುಂಜ ಪಡುವಣ ದಿಕ್ಕಿಗೆ ಕೈ ತೋರಿಸಿದ. "ಅಲ್ಲಿ ಕೆಳಗಿಳೀತು ಗೌಡ್ರೆ. ಸ್ವಲ್ಪದರಲ್ಲೇ ತಪ್ಪಿತು."

"ಇನ್ನು ಸಿಗಲ್ವಾ?"

"ಸಿಗದೆ ಏನು. ಬೆಳಗ್ಗೆ ನಮ್ಮೂರ ಕಡೆಯಿಂದಲೇ ಬರ್ತದೆ, ದಿನಾ ನೋಡಿದ್ದೀನಿ. ಈಗಲೇ ಓಡಿದ್ರೆ ಅಲ್ಲಿ ಹಿಡೀಬಹುದು" ಅಂತ ಜುಂಜ ಕಂಬಳಿ ಹೆಗಲಿಗೆ ಹಾಕಿಕೊಂಡು ತಿರುಗಿ ಓಡಿದ.

ಗೌಡ ಈಟಿ ಎತ್ತಿಕೊಂಡು ಹಿಂದೆಯೇ ಓಡಿದ. ಗೌಡ ಓಡಿದ ಮೇಲೆ ಊರು ನಿಲ್ತದಾ? ತಮಟೆ ಹೊಡಕೊಂಡು ಅದೂ ಓಡಿತು.

ಅವರು ಓಡ್ತಿರಲಿ. ನೀವು ಏಳಿ, ಮುದ್ದೆ ಆರ್ತಿದೆ.